ಬೆರಳು ಒಂದು ಕಡೆ, ಗೆರೆ ಇನ್ನೊಂದು ಕಡೆ: ಟಚ್‌ಗೆ ಬೇರೆ ಕೋಡ್ ಬರೆಯಬೇಕಾ?

ಬೇಡ. ಮೌಸ್‌ಗೆ ಒಂದು, ಟಚ್‌ಗೆ ಒಂದು ಕೋಡ್ ಬರೆಯಬೇಡಿ. ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ (ಲೈಬ್ರರಿ) ಕೂಡ ಹುಡುಕಬೇಡಿ. ನಿಮ್ಮ ವೆಬ್ ಪುಟದ ಕ್ಯಾನ್ವಾಸ್ ಮೇಲೆ, ಅಂದರೆ ಚಿತ್ರ ಬರೆಯಲು ಇಟ್ಟ ಚೌಕದಲ್ಲಿ, ಲ್ಯಾಪ್‌ಟಾಪಲ್ಲಿ ಸರಿಯಾಗಿ ಬೀಳುವ ಗೆರೆ ಮೊಬೈಲಲ್ಲಿ ಕೆಳಗೆ ಸರಿಯುತ್ತದೆ ಎಂದಿದ್ದೀರಿ, ನನಗೂ ಹೀಗೇ ಆಗಿತ್ತು.

ಬೀದರಿನ ಒಂದು ಬಿದ್ರಿ ಅಂಗಡಿಗೆ ನಾನು ಕಲಬುರಗಿಯಲ್ಲಿ ಕೂತು ಒಂದು ಪುಟ ಮಾಡಿಕೊಟ್ಟಿದ್ದೆ. ಗಿರಾಕಿ ತಟ್ಟೆಯ ಚಿತ್ರದ ಮೇಲೆ ಹೂವು, ಬಳ್ಳಿ ಬರೆದು ತೋರಿಸಬೇಕು. ಅದನ್ನು ನೋಡಿ ಕೆಲಸಗಾರರು ಬೆಳ್ಳಿ ತಂತಿ ಕೂರಿಸುತ್ತಾರೆ. ಸತು, ತಾಮ್ರ ಬೆರೆಸಿದ ಆ ಲೋಹಕ್ಕೆ ಉಳಿ ತಾಗಿದ ಮೇಲೆ ಗೆರೆ ಅಳಿಸುವ ಹಾಗಿಲ್ಲ, ಅದಕ್ಕೇ ಚಿತ್ರ ಸರಿಯಾಗಿರಲೇಬೇಕು. ಪುಟ ಕೊಟ್ಟ ಮೇಲೆ ಮಾಲಕರ ಫೋನ್ ಬಂತು: “ಬೆರಳು ಇಲ್ಲಿ ಇಟ್ರ ಗೆರಿ ಅಲ್ಲಿ ಬೀಳ್ತದಲ್ರಿ.”

ಇದು ಟಚ್‌ನದೇ ತೊಂದರೆ ಅಂದುಕೊಂಡೆ. ಟಚ್ ಇದ್ದಾಗ ಒಂದಿಷ್ಟು ಪಿಕ್ಸೆಲ್ ಕಳೆಯುವ ಸಾಲು ಸೇರಿಸಿದೆ. ಅವರ ಫೋನಲ್ಲಿ ಸರಿಹೋಯಿತು, ಗಿರಾಕಿಗಳ ಫೋನಲ್ಲಿ ಇನ್ನೂ ಕೆಟ್ಟಿತು. ಮದುವೆ ಸೀಸನ್ ಪೂರ್ತಿ ಅವರು ಕಾಗದದಲ್ಲೇ ಆರ್ಡರ್ ಬರೆದುಕೊಂಡರು. ನನಗೆ ಮುಂದಿನ ಕೆಲಸ ಕೊಡಲಿಲ್ಲ.

ತಪ್ಪಿದ್ದದ್ದು ಬೆರಳಿನ ಜಾಗದಿಂದ ಕ್ಯಾನ್ವಾಸ್ ಜಾಗ ಕಳೆಯುವ ಮೂಲ ಲೆಕ್ಕದಲ್ಲಿ. ನಿಮ್ಮ ಕೋಡಲ್ಲೂ ಅದೇ ಸಾಲು ಇದೆ: ಪೇಜ್‌ವೈ ಮೈನಸ್ ರೆಕ್ಟ್ ಟಾಪ್. ಪೇಜ್‌ವೈ ಬೆರಳಿನ ಜಾಗವನ್ನು ಇಡೀ ಪುಟದ ಮೇಲ್ತುದಿಯಿಂದ ಅಳೆಯುತ್ತದೆ, ಸ್ಕ್ರೋಲ್ ಆಗಿ ಮೇಲೆ ಹೋದ ಭಾಗವೂ ಅದರಲ್ಲಿ ಸೇರಿರುತ್ತದೆ. ರೆಕ್ಟ್ ಅಂದರೆ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಅಳೆದು ಕೊಡುವ ಕ್ಯಾನ್ವಾಸ್ ಚೌಕ, ಅದರ ಟಾಪ್ ಮಾತ್ರ ಈಗ ಕಾಣುತ್ತಿರುವ ಭಾಗದ ಮೇಲಂಚಿನಿಂದ. ಪುಟ 240 ಪಿಕ್ಸೆಲ್ ಸ್ಕ್ರೋಲ್ ಆಗಿದೆ, ಕಾಣುವ ಭಾಗದ ಮೇಲಂಚಿನಿಂದ ಕ್ಯಾನ್ವಾಸ್ 100ರಲ್ಲಿದೆ, ಬೆರಳು 300ರಲ್ಲಿದೆ ಅನ್ನಿ. ಸರಿಯಾದ ಉತ್ತರ 200. ಪೇಜ್‌ವೈ 540 ಆದ್ದರಿಂದ ನಿಮಗೆ 440 ಬರುತ್ತದೆ. ಗೆರೆ ಸರಿದದ್ದು ಸರಿಯಾಗಿ ಆ 240 ಪಿಕ್ಸೆಲ್. ಲ್ಯಾಪ್‌ಟಾಪಲ್ಲಿ ಪುಟ ಪೂರ್ತಿ ಕಾಣುತ್ತಿತ್ತು, ಸ್ಕ್ರೋಲ್ ಸೊನ್ನೆ, ಅದಕ್ಕೇ ತಪ್ಪು ಗೊತ್ತಾಗಲಿಲ್ಲ. ಅನುಮಾನ ಇದ್ದರೆ ಬ್ರೌಸರ್ ಕಿಟಕಿ ಚಿಕ್ಕದು ಮಾಡಿ, ಸ್ಕ್ರೋಲ್ ಮಾಡಿ, ಮೌಸಿಂದಲೇ ಗೆರೆ ಎಳೆಯಿರಿ. ಅದೂ ಜಾರುತ್ತದೆ.

ಹಾಗಾಗಿ ಕಾಣುವ ಭಾಗದ ಅಂಚಿನಿಂದಲೇ ಬೆರಳಿನ ಜಾಗ ಹೇಳುವ ಕ್ಲೈಂಟ್‌ಎಕ್ಸ್, ಕ್ಲೈಂಟ್‌ವೈ ತಗೊಂಡು ಅದರಿಂದ ರೆಕ್ಟ್ ಲೆಫ್ಟ್, ಟಾಪ್ ಕಳೆಯಿರಿ. ಪುಟ ತೆರೆದಾಗ ಒಮ್ಮೆ ರೆಕ್ಟ್ ಅಳೆದು ಇಟ್ಟುಕೊಳ್ಳಬೇಡಿ, ಸ್ಕ್ರೋಲ್ ಆದ ಕೂಡಲೇ ಅದು ಹಳೆಯದಾಗುತ್ತದೆ. ಕ್ಯಾನ್ವಾಸ್ ಒಳಗೆ 600 ಅಗಲ ಇದ್ದು ಸಿಎಸ್‌ಎಸ್‌ನಲ್ಲಿ (ಪುಟದ ನೋಟ ಹೇಳುವ ಕೋಡ್) 300ಕ್ಕೆ ಕುಗ್ಗಿಸಿದ್ದರೆ, ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಬೇಕು: ಕ್ಯಾನ್ವಾಸ್ ವಿಡ್ತ್ ಭಾಗಿಸು ರೆಕ್ಟ್ ವಿಡ್ತ್. ಎತ್ತರಕ್ಕೂ ಹಾಗೇ.

ಮೌಸ್ ಒತ್ತಿದಾಗ, ಬೆರಳು ಇಟ್ಟಾಗ ಬ್ರೌಸರ್ ಕಳಿಸುವ ಸೂಚನೆಗಳಾದ ಮೌಸ್‌ಡೌನ್, ಟಚ್‌ಸ್ಟಾರ್ಟ್ ಎರಡನ್ನೂ ತೆಗೆದು ಪಾಯಿಂಟರ್‌ಡೌನ್, ಪಾಯಿಂಟರ್‌ಮೂವ್, ಪಾಯಿಂಟರ್‌ಅಪ್ ಹಾಕಿ. ಮೌಸ್, ಬೆರಳು, ಪೆನ್ ಮೂರಕ್ಕೂ ಒಂದೇ ಲೆಕ್ಕ. ಬೆರಳು ಎತ್ತಿದಾಗ ಬರುವ ಟಚ್‌ಎಂಡ್‌ನಲ್ಲಿ ಆ ಬೆರಳು ಟಚಸ್ ಪಟ್ಟಿಯಲ್ಲಿ ಇರುವುದಿಲ್ಲ, ಚೇಂಜ್ಡ್‌ಟಚಸ್ ಎಂಬ ಬೇರೆ ಪಟ್ಟಿ ನೋಡಬೇಕು ಎನ್ನುವ ತಲೆನೋವೂ ಇಲ್ಲ. ಬೆರಳು ಅಂಚು ದಾಟಿದರೂ ಗೆರೆ ತಪ್ಪದಿರಲು ಸೆಟ್‌ಪಾಯಿಂಟರ್‌ಕ್ಯಾಪ್ಚರ್ ಬಳಸಿ.

ಕ್ಯಾನ್ವಾಸ್‌ಗೆ ಸಿಎಸ್‌ಎಸ್‌ನಲ್ಲಿ ಟಚ್‌ಆಕ್ಷನ್ ನನ್ (none) ಕೊಡಿ. ಇಲ್ಲದಿದ್ದರೆ ಬ್ರೌಸರ್ ಬೆರಳಿನ ಎಳೆತವನ್ನು ಸ್ಕ್ರೋಲ್ ಎಂದುಕೊಂಡು ಪಾಯಿಂಟರ್‌ಕ್ಯಾನ್ಸಲ್ ಎಂಬ ರದ್ದು ಸೂಚನೆ ಕಳಿಸುತ್ತದೆ, ಗೆರೆ ನಡುವೆಯೇ ನಿಲ್ಲುತ್ತದೆ. ಇಡೀ ಪುಟಕ್ಕೆ ಮಾತ್ರ ಕೊಡಬೇಡಿ, ಆಮೇಲೆ ಬೆರಳಿಂದ ಪುಟ ಸರಿಸಲು ಆಗುವುದಿಲ್ಲ.