ಓರೆ ನಿಬ್ಬು ಯಾರ ಕೈಗೆ?

ಪ್ರಶ್ನೆ: ದಿನಚರಿಯನ್ನೂ ಪತ್ರಗಳನ್ನೂ ನಾನು ಇಂಕ್ ಪೆನ್ನಿನಲ್ಲೇ ಬರೆಯುತ್ತೇನೆ. ಈಚೆಗೆ ಕೊಂಡ ಪೆನ್ನಿನಲ್ಲಿ ನಾಲ್ಕಾರು ಅಕ್ಷರಕ್ಕೊಮ್ಮೆ ಗೆರೆ ಕಡಿದುಹೋಗುತ್ತದೆ. ಅದನ್ನೇ ನನ್ನ ಯಜಮಾನರು ಹಿಡಿದರೆ ಸರಾಗವಾಗಿ ಬರೆಯುತ್ತದೆ. ನನ್ನ ಅಕ್ಷರ ಬಲಕ್ಕೆ ವಾಲುವುದರಿಂದ ಆಬ್ಲಿಕ್ ನಿಬ್ಬು ಬೇಕೆಂದು ಪರಿಚಿತರೊಬ್ಬರು ಹೇಳಿದರು. ಕೊಳ್ಳಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೊಳ್ಳಬೇಕಾಗಬಹುದು, ಆದರೆ ಅವರು ಹೇಳಿದ ಕಾರಣಕ್ಕಲ್ಲ. ಆಬ್ಲಿಕ್ ಎಂದರೆ ತುದಿಯನ್ನು ಓರೆಯಾಗಿ ಅರೆದ ನಿಬ್ಬು; ಅಕ್ಷರದ ವಾಲಿಕೆಗೂ ಈ ಓರೆ ನಿಬ್ಬಿಗೂ ನೇರ ಸಂಬಂಧವಿಲ್ಲ. ನೋಡಬೇಕಾದದ್ದು ಬರೆಯುವಾಗ ಪೆನ್ನು ನಿಮ್ಮ ಬೆರಳುಗಳ ನಡುವೆ ಎತ್ತ ಹೊರಳಿರುತ್ತದೆ ಎಂಬುದನ್ನು. ನಿಬ್ಬಿನ ನಡುವಿನ ಸೀಳಿನಿಂದ ಶಾಯಿ ಇಳಿಯುತ್ತದೆಯಾದ್ದರಿಂದ ಸೀಳಿನ ಎರಡೂ ಬದಿಯ ಎಸಳುಗಳು ಕಾಗದವನ್ನು ಸಮನಾಗಿ ಮುಟ್ಟಬೇಕು. ಪೆನ್ನು ಒಂದು ಮಗ್ಗುಲಿಗೆ ಹೊರಳಿದಾಗ ಒಂದು ಎಸಳು ಮೇಲೆದ್ದು, ಗೆರೆಯ ಒಂದು ಅಂಚು ಒರಟಾಗಿ, ಕೊನೆಗೆ ಗೆರೆಯೇ ಕಡಿಯುತ್ತದೆ. ಬಾಲ್ ಪೆನ್ನಿನ ಗುಂಡಿಗೆ ಮೇಲು ಕೆಳಗು ಎಂಬುದಿಲ್ಲ, ಹಾಗಾಗಿ ಅದರಲ್ಲಿ ವರ್ಷಗಟ್ಟಲೆ ಬರೆದವರಲ್ಲಿ ಈ ಹೊರಳು ಗಮನಕ್ಕೇ ಬಾರದೆ ಬೆಳೆದಿರುತ್ತದೆ. ನಿಮ್ಮ ಯಜಮಾನರಿಗೆ ಪೆನ್ನು ಸರಿಯಾಗಿ ಬರೆಯುತ್ತಿರುವುದರಿಂದ ನನ್ನ ಮೊದಲ ಅನುಮಾನವೂ ಇದರ ಮೇಲೆಯೇ.

ಪರೀಕ್ಷೆ ಸುಲಭ. ಪೆನ್ನಿನ ಕಡೆ ಗಮನ ಕೊಡದೆ ಅರ್ಧ ಪುಟ ಬರೆದು, ಒಂದು ಅಕ್ಷರದ ನಡುವೆಯೇ ಕೈಯನ್ನು ಅಲುಗಿಸದೆ ನಿಲ್ಲಿಸಿ, ಪೆನ್ನಿನ ಹಿಂತುದಿಯಿಂದ ನಿಬ್ಬಿನ ಕಡೆಗೆ ನೋಡಿ. ಸೀಳು ನೇರ ಮೇಲ್ಮುಖವಾಗಿದ್ದರೆ ಓರೆ ನಿಬ್ಬು ನಿಮಗೆ ಬೇಡ. ನಿಬ್ಬಿನ ಬೆನ್ನು ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ ಹೊರಳಿದ್ದರೆ ಬಲ ಎಸಳು ಮೇಲೆದ್ದಿರುತ್ತದೆ. ಆಗ ಎಡಪಾದದ ಓರೆ ನಿಬ್ಬು ಹೊಂದುತ್ತದೆ. ನಿಮ್ಮ ಎಡಪಾದವನ್ನು ಮೇಲಿನಿಂದ ನೋಡಿದರೆ ಹೆಸರಿನ ಅರ್ಥ ತಿಳಿಯುತ್ತದೆ: ಹೆಬ್ಬೆರಳಿರುವ ಬಲಬದಿ ಮುಂದೆ, ಕಿರುಬೆರಳಿನ ಕಡೆ ಹಿಂದೆ. ಉದ್ದವಾದ ಆ ಬಲಬದಿ, ಮೇಲೆದ್ದ ಕೊರತೆಯನ್ನು ತುಂಬುತ್ತದೆ. ಬಲಕ್ಕೆ ಹೊರಳಿಸುವವರಿಗೆ ಇದರ ಕನ್ನಡಿಬಿಂಬವಾದ ಬಲಪಾದದ ನಿಬ್ಬು. ಓಎಂ (ಮಧ್ಯಮ ಅಗಲದ ಓರೆ), ಓಬಿ (ದಪ್ಪ ಅಗಲದ ಓರೆ) ಎಂಬ ಗುರುತಿನೊಡನೆ ಮಾರುವವು ಸಾಮಾನ್ಯವಾಗಿ ಎಡಪಾದದವೇ. ಬಲಪಾದದ ನಿಬ್ಬನ್ನು ಹೆಚ್ಚಾಗಿ ನಿಬ್ಬು ಅರೆಯುವವರಿಂದಲೇ ಮಾಡಿಸಬೇಕಾಗುತ್ತದೆ.

ಹೊರಳು ತೀರ ಕಡಿಮೆಯಿದ್ದರೆ ದುಡ್ಡು ಖರ್ಚು ಮಾಡಬೇಡಿ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಎರಡು ಎಸಳುಗಳ ತುದಿ ಒಂದೇ ಮಟ್ಟದಲ್ಲಿವೆಯೇ ಎಂದು ನೋಡಿಸಿ, ಹಿಡಿಯುವ ಜಾಗದಲ್ಲಿ ಸಣ್ಣ ಗುರುತು ಹಚ್ಚಿಕೊಂಡು ಹದಿನೈದು ದಿನ ಬರೆದು ನೋಡಿ. ಹಿಡಿತದ ಜಾಗ ಮುಮ್ಮೂಲೆಯಾಗಿರುವ ಲ್ಯಾಮಿ ಸಫಾರಿಯಂಥ ಪೆನ್ನುಗಳು ಬೆರಳನ್ನು ತಾವೇ ದಾರಿಗೆ ತರುತ್ತವೆ. ಅದೇ ಕಾರಣಕ್ಕೆ, ಹೊರಳಿಸುವುದನ್ನು ಬಿಡಲಾರದವರಿಗೆ ಅವು ಹಿಂಸೆ.

ಕೊಳ್ಳುವುದೇ ಆದರೆ ಅಗಲದ ಬಗ್ಗೆ ಎಚ್ಚರವಿರಲಿ. ಓರೆ ನಿಬ್ಬುಗಳು ಹೆಚ್ಚಾಗಿ ಮಧ್ಯಮ ಮತ್ತು ದಪ್ಪ ಅಗಲದಲ್ಲೇ ಬರುತ್ತವೆ. ರೋಮನ್ ಲಿಪಿಯಲ್ಲಿ ಅದು ಅಂದವೇ. ಕನ್ನಡದಲ್ಲಿ ಸಣ್ಣಗೆ ಬರೆಯುವವರಿಗೆ ಧ, ಷಗಳ ಒಳಸಂದು ಮುಚ್ಚಿ, ಒತ್ತಕ್ಷರ ಶಾಯಿಯ ಚುಕ್ಕೆಯಾಗುತ್ತದೆ. ದಿನಚರಿಗೆ ಓಎಂ ಮೀರಬೇಡಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಮಗಳು ಎಡಗೈಯಲ್ಲಿ ಬರೆಯುತ್ತಾಳೆ. ಎಡಚರಿಗೆ ಓರೆ ನಿಬ್ಬೇ ಬೇಕೆನ್ನುತ್ತಾರಲ್ಲ?
– ಓದುಗರೊಬ್ಬರು, ಧಾರವಾಡ

ಉತ್ತರ: ಹಾಗೇನೂ ಇಲ್ಲ. ಮೇಲಿನ ಪರೀಕ್ಷೆಯೇ ಅವಳಿಗೂ ಅನ್ವಯಿಸುತ್ತದೆ; ಯಾವ ಕೈ ಎಂಬುದರಿಂದ ಎಡಪಾದ, ಬಲಪಾದ ಬದಲಾಗುವುದಿಲ್ಲ. ಸಾಲಿನ ಕೆಳಗೆ ಕೈಯಿಟ್ಟು ಬರೆಯುವ ಎಡಚರಲ್ಲಿ ಅನೇಕರಿಗೆ ಸಾಮಾನ್ಯ ದುಂಡು ನಿಬ್ಬೇ ಸಾಕು. ಅವಳ ನಿಜವಾದ ತೊಂದರೆ ಹಸಿ ಶಾಯಿಯ ಮೇಲೆ ಅಂಗೈ ಉಜ್ಜುವುದಾಗಿದ್ದರೆ, ಸಣ್ಣ ನಿಬ್ಬನ್ನೂ ಬೇಗ ಆರುವ ಶಾಯಿಯನ್ನೂ ಕೊಡಿಸಿ.