ಕಾಲೇಜಿನಲ್ಲಿ ಈಜು, ವಾಟರ್ ಪೋಲೋ ಎರಡಕ್ಕೂ ಕೋಚ್ ಆಗಿ ಕರೆದಿದ್ದಾರೆ. ಯಾವುದಕ್ಕೆ ಜಾಸ್ತಿ ಗಮನ ಕೊಡಲಿ?

ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನೂ ಕೆಲಸಕ್ಕೆ ಸೇರಿದ್ದೆ. ನಾನು ಈಜುಗಾರ. ನೀರಲ್ಲಿ ಚೆಂಡನ್ನು ಗೋಲಿಗೆ ಎಸೆಯುವ ಈ ಪೋಲೋ ಅಂದರೆ ಚೆಂಡಿನ ಜೊತೆ ಈಜುವುದು ತಾನೇ ಅಂದುಕೊಂಡು, ವೇಗವಾಗಿ ಈಜುವ ಏಳು ಜನರನ್ನು ಆರಿಸಿದೆ. ಮೊದಲ ಪಂದ್ಯದಲ್ಲೇ ಹೀನಾಯವಾಗಿ ಸೋತೆವು. ಎಗ್‌ಬೀಟರ್ ಯಾರಿಗೂ ಬರುತ್ತಿರಲಿಲ್ಲ. ಕಾಲುಗಳನ್ನು ಒಂದಾದ ಮೇಲೊಂದು ಸುತ್ತಿಸುತ್ತಾ, ತಳ ಮುಟ್ಟದೆ, ನೀರಲ್ಲಿ ನೆಟ್ಟಗೆ ನಿಲ್ಲುವುದು ಅದು. ಹೋಗಲಿ, ಅದನ್ನು ಆಮೇಲೆ ಕಲಿತರು.

ನಾನು ಕೆಟ್ಟಿದ್ದು ಬೇರೆ ಕಡೆ. ನನ್ನ ಹತ್ತಿರ ಎರಡು ನೋಟ್‌ಬುಕ್ ಇದ್ದವು. ಈಜಿನದ್ದರಲ್ಲಿ ಬೆಳಿಗ್ಗೆ 5,000 ಮೀಟರ್, ಅದರಲ್ಲಿ 1,200 ಕೈಗೆ ಪ್ಯಾಡಲ್ ಹಾಕಿಕೊಂಡು, ಅಂದರೆ ಭುಜಕ್ಕೆ ಭಾರ ಹೆಚ್ಚಿಸುವ ಪ್ಲಾಸ್ಟಿಕ್ ಹಲಗೆ. ಪೋಲೋದ್ದರಲ್ಲಿ ಸಂಜೆ 100 ಶಾಟ್, ಅಂದರೆ ಗೋಲಿಗೆ ಎಸೆತ. ಬೇರೆ ಬೇರೆ ನೋಡಿದರೆ ಎರಡೂ ಜಾಸ್ತಿಯಲ್ಲ. ಆದರೆ ಭುಜ ಒಂದೇ ಅಲ್ವಾ? 5,000 ಮೀಟರ್ ಅಂದರೆ ಒಂದೊಂದು ಕೈಯೂ ಸುಮಾರು 2,000 ಸಲ ತಲೆಯ ಮೇಲಿಂದ ಬಂದಿರುತ್ತದೆ. ಅದೇ ಕೈಯಲ್ಲಿ ಸಂಜೆ ಎಸೆತ. ನೆಲದ ಮೇಲಾದರೆ ಎಸೆಯುವಾಗ ಕಾಲೂರಬಹುದು. ಇಲ್ಲಿ ಊರುವುದಕ್ಕೆ ನೆಲವೇ ಇಲ್ಲ. ಕಾಲು ಸೋತರೆ ಮೈ ತಗ್ಗುತ್ತದೆ, ಮೊಣಕೈ ಇಳಿಯುತ್ತದೆ, ಭಾರವೆಲ್ಲ ಭುಜಕ್ಕೆ ಬೀಳುತ್ತದೆ. ಎರಡು ಪುಟಗಳನ್ನು ಪಕ್ಕ ಪಕ್ಕ ಇಟ್ಟಿದ್ದರೆ ಇದು ಕಣ್ಣಿಗೆ ಬೀಳುತ್ತಿತ್ತು. ಇಡಲಿಲ್ಲ.

ಮೂರನೇ ವಾರ ನಮ್ಮ ಒಳ್ಳೆಯ ಶೂಟರ್ ಕೈ ಮೇಲೆತ್ತದೆ ಪಕ್ಕದಿಂದ ಎಸೆಯತೊಡಗಿದ. ಸೋಮಾರಿತನ ಅಂತ ಬೈದು ಇನ್ನೂ 20 ಶಾಟ್ ಹೊಡೆಸಿದೆ. ಆ 20 ಯಾವ ನೋಟ್‌ಬುಕ್ಕಿನಲ್ಲೂ ಇಲ್ಲ, ಶಿಕ್ಷೆಯನ್ನು ಯಾರು ಬರೆದಿಡುತ್ತಾರೆ? ಹತ್ತು ದಿನದಲ್ಲಿ ಅವನಿಗೆ ಆ ಕೈಯಲ್ಲಿ ತಲೆ ಬಾಚಿಕೊಳ್ಳಲೂ ಆಗಲಿಲ್ಲ. ಅವನ ಸೀಸನ್ ಹೋಯಿತು. ಮುಂದಿನ ವರ್ಷ ಪೋಲೋ ತಂಡ ನನ್ನ ಕೈತಪ್ಪಿತು.

ಹಾಗಾಗಿ ಯಾವುದಕ್ಕೆ ಜಾಸ್ತಿ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಎರಡಕ್ಕೂ ಬರುವುದು ಹೆಚ್ಚುಕಡಿಮೆ ಅದೇ ಮಕ್ಕಳು. ಒಂದೇ ಪುಸ್ತಕ ಇಡಿ, ಒಬ್ಬೊಬ್ಬರಿಗೆ ಒಂದೊಂದು ಪುಟ. ಶಾಟ್ ಇರುವ ದಿನ ಪ್ಯಾಡಲ್ ಮುಟ್ಟಿಸಬೇಡಿ, ಬೆಳಿಗ್ಗೆ ಕಾಲಿನ ಕೆಲಸ ಮಾಡಿಸಿ, ಅದೂ ಸಂಜೆಗೆ ಕಾಲು ಸೋಲದಷ್ಟು ಮಾತ್ರ. ಯಾರಾದರೂ ಎಸೆಯುವ ರೀತಿ ಬದಲಾದರೆ ಬೈಯುವ ಮೊದಲು ನೋವಿದೆಯಾ ಅಂತ ಕೇಳಿ.

ಸಂಬಳದ ಮಾತು ಆಮೇಲೆ ಆಡಿ. ಎರಡೂ ತಂಡಗಳ ವೇಳಾಪಟ್ಟಿ ಯಾರು ಬರೆಯುತ್ತಾರೆ ಅಂತ ಮೊದಲು ಕೇಳಿ. ‘ನೋಡೋಣ’ ಅಂದರೆ, ನಾನಾಗಿದ್ದರೆ ಸೇರುವುದಿಲ್ಲ.