ಓದುಗರ ಪ್ರಶ್ನೆ: ಸ್ಪೀಕರ್ ವೈರಿಗೆ ಯಾವ ಕನೆಕ್ಟರ್?

ಪ್ರಶ್ನೆ: ನಮ್ಮ ಆಂಪ್ಲಿಫೈಯರ್ ಹಿಂದೆ ತಿರುಗಿಸಿ ಬಿಗಿ ಮಾಡುವ ಟರ್ಮಿನಲ್ ಇವೆ, ಸ್ಪೀಕರ್ ಹಿಂದೆ ಒತ್ತಿ ಸಿಕ್ಕಿಸುವ ಸ್ಪ್ರಿಂಗ್ ಕ್ಲಿಪ್. ವೈರ್ 2.5 ಚದರ ಮಿ.ಮೀ., ಉದ್ದ 6 ಮೀಟರ್. ತುದಿ ಸುಲಿದು ನೇರವಾಗಿ ಸಿಕ್ಕಿಸಿದ್ದೇನೆ. ಆಂಪ್ಲಿಫೈಯರ್ ಸರಿಸಿದಾಗಲೆಲ್ಲ ಒಂದು ಕಡೆ ಸದ್ದು ನಿಲ್ಲುತ್ತದೆ. ಬನಾನಾ ಪ್ಲಗ್ ಹಾಕಿದರೆ ಸರಿಹೋದೀತೇ? ಚಿನ್ನದ ಲೇಪದ್ದೇ ಬೇಕೇ?
– ಓದುಗರು, ಉಡುಪಿ

ಉತ್ತರ: ಆಂಪ್ಲಿಫೈಯರ್ ಕಡೆಗೆ 4 ಮಿ.ಮೀ. ಬನಾನಾ ಪ್ಲಗ್ (ನಡು ಉಬ್ಬಿದ ಒಂಟಿ ಕಡ್ಡಿಯ ಪ್ಲಗ್), ಸ್ಪೀಕರ್ ಕಡೆಗೆ ಪಿನ್ ಕನೆಕ್ಟರ್ (ತೆಳ್ಳನೆಯ ಕಡ್ಡಿಯಂಥ ತುದಿ) ಹಾಕಿ. ಬನಾನಾ ಪ್ಲಗ್ ಸ್ಪ್ರಿಂಗ್ ಕ್ಲಿಪ್ಪಿನೊಳಗೆ ಹೋಗುವುದಿಲ್ಲ. ಕನೆಕ್ಟರ್ ಬದಲಿಸಿದರೆ ದನಿ ಇಂಪಾಗುತ್ತದೆ ಎಂಬ ಅಂಗಡಿಯ ಮಾತು ನಂಬಬೇಡಿ. ಅದರ ಕೆಲಸ ಬಿಗಿಯಾಗಿ ಹಿಡಿಯುವುದು, ಎಳೆಗಳು ಹೊರಗೆ ಚಾಚದಂತೆ ನೋಡಿಕೊಳ್ಳುವುದು. ನಿಮ್ಮ ವೈರಿನ ರೋಧ ಹೋಗಿಬರುವ 12 ಮೀಟರಿಗೆ ಸುಮಾರು 0.09 ಓಮ್. 8 ಓಮ್ ಸ್ಪೀಕರಿಗೆ ಅದು ಏನೂ ಅಲ್ಲ.

ಚಿನ್ನದ ಲೇಪಕ್ಕೆ ಕಿಲುಬು ಹಿಡಿಯುವುದಿಲ್ಲ. ಉಡುಪಿಯ ಉಪ್ಪುಗಾಳಿಗೆ ಅದೊಂದು ಒಳ್ಳೆಯ ಗುಣ, ಅಷ್ಟಕ್ಕೆ ಮಾತ್ರ ಹಣ ಕೊಡಿ. ಕೊಳ್ಳುವಾಗ ಆಯಸ್ಕಾಂತ ಹಿಡಿದು ನೋಡಿ: ಪ್ಲಗ್ಗಿನ ಮೈ ಅಂಟಿಕೊಂಡರೆ ಒಳಗಿರುವುದು ಹಿತ್ತಾಳೆಯಲ್ಲ, ಕಬ್ಬಿಣ.

ಹಾಕುವಾಗ ಆಂಪ್ಲಿಫೈಯರಿನ ಪ್ಲಗ್ ಗೋಡೆಯಿಂದ ಕಿತ್ತಿರಲಿ. 10–12 ಮಿ.ಮೀ. ಸುಲಿಯಿರಿ. ಬ್ಲೇಡು ಆಳಕ್ಕೆ ಹೋದರೆ ಹೊರಗಿನ ಎಳೆಗಳೇ ತುಂಡಾಗುತ್ತವೆ. ಹಾಗಾದರೆ ಆ ತುದಿ ಕತ್ತರಿಸಿ ಮತ್ತೆ ಸುಲಿಯಿರಿ. ಎಳೆಗಳನ್ನು ಹೊಸೆದು ಪ್ಲಗ್ಗಿನ ತೂತಿಗೆ ಪೂರ್ತಿ ತಳ್ಳಿ, ಸ್ಕ್ರೂ ಬಿಗಿ ಮಾಡಿ, ವೈರ್ ಹಿಡಿದು ಎಳೆದು ನೋಡಿ. ತಾಮ್ರದ ಎಳೆಗಳು ಒತ್ತಡಕ್ಕೆ ಕೂರುತ್ತವೆ, ಆದ್ದರಿಂದ ವಾರ ಬಿಟ್ಟು ಇನ್ನೊಮ್ಮೆ ಬಿಗಿ ಮಾಡಿ. ತುದಿಗೆ ಬೆಸುಗೆ ಸವರಿ ಸ್ಕ್ರೂ ಕೆಳಗೆ ಇಡುವ ರೂಢಿ ಬಿಡಿ: ಬೆಸುಗೆ ಮೆತ್ತಗಿನ ಲೋಹ, ಸ್ಕ್ರೂ ಒತ್ತಿದಂತೆ ನಿಧಾನವಾಗಿ ಸರಿದು ಹಿಡಿತ ಸಡಿಲವಾಗುತ್ತದೆ.

ನಿಜವಾದ ಅಪಾಯ ಹೊರಚಾಚಿದ ಒಂದೇ ಒಂದು ಎಳೆಯದು. ಕೂದಲಿನಷ್ಟು ತೆಳ್ಳಗಿನ ಅದು ಕೆಂಪು ಟರ್ಮಿನಲ್ಲಿನಿಂದ ಕಪ್ಪಿಗೆ ತಾಗಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಇಂದಿನ ಎಷ್ಟೋ ಕ್ಲಾಸ್ ಡಿ (ಟ್ರಾನ್ಸಿಸ್ಟರನ್ನು ಸ್ವಿಚ್ಚಿನಂತೆ ವೇಗವಾಗಿ ಆನ್-ಆಫ್ ಮಾಡುವ) ಆಂಪ್ಲಿಫೈಯರ್‌ಗಳಲ್ಲಿ ಕಪ್ಪು ಟರ್ಮಿನಲ್ಲಿನಲ್ಲೂ ಸಿಗ್ನಲ್ ಹರಿಯುತ್ತದೆ. ಎಡ, ಬಲ ಎರಡರ ಕಪ್ಪನ್ನೂ ಒಂದಕ್ಕೊಂದು ಸೇರಿಸಬೇಡಿ, ಲೋಹದ ಕವಚಕ್ಕೂ ತಾಗಿಸಬೇಡಿ. ಆಂಪ್ಲಿಫೈಯರಿಗೆ ಸಿಕ್ಕಿಸುವ ಮೊದಲು ಎರಡು ಪ್ಲಗ್ಗುಗಳ ನಡುವೆ ಮಲ್ಟಿಮೀಟರ್ ಇಟ್ಟು ಓಮ್ ನೋಡಿ. ಸ್ಪೀಕರ್ ಜೋಡಿಸಿರುವಾಗ 8 ಓಮ್‌ನದು ಸಾಮಾನ್ಯವಾಗಿ 5.5ರಿಂದ 7 ತೋರಿಸುತ್ತದೆ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಆಗಿದೆ, ಸ್ವಿಚ್ ಹಾಕಲೇಬೇಡಿ.

ಟರ್ಮಿನಲ್ಲಿನ ಹಿಂಭಾಗದಲ್ಲಿ ಬನಾನಾ ಪ್ಲಗ್ಗಿಗೆ ತೂತೇ ಕಾಣದಿದ್ದರೆ ಪ್ಲಾಸ್ಟಿಕ್ ಬಿರಡೆ ಇದೆಯೇ ನೋಡಿ. ಸಣ್ಣ ಸ್ಕ್ರೂಡ್ರೈವರಿನಿಂದ ಕೀಳಬಹುದು. ಯುರೋಪಿನಲ್ಲಿ 4 ಮಿ.ಮೀ. ಪ್ಲಗ್ ಗೋಡೆಯ ಸಾಕೆಟ್ಟಿಗೂ ಹೋಗುತ್ತದೆಂಬ ಕಾರಣಕ್ಕೆ ಟರ್ಮಿನಲ್ಲಿನ ಆ ತೂತನ್ನು ಮುಚ್ಚಿ ಮಾರುತ್ತಾರೆ. ನಮ್ಮ ಸಾಕೆಟ್ಟುಗಳಿಗೂ ಆ ಪ್ಲಗ್ ಹೋಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಪ್ಲಗ್ ಹಾಕಿದ ವೈರನ್ನು ಬಿಡಿಯಾಗಿ ಇಡಬೇಡಿ.

ಪ್ರಶ್ನೆ: ಪ್ಲಗ್ ಹಾಕಿದ ಮೇಲೆ ಬಾಸ್ ಕಡಿಮೆಯಾಗಿದೆ. ಪ್ಲಗ್ ಕೆಟ್ಟದ್ದೇ?
– ಓದುಗರು, ಧಾರವಾಡ

ಉತ್ತರ: ಬಹುತೇಕ ಒಂದು ಸ್ಪೀಕರಿಗೆ ಪ್ಲಸ್, ಮೈನಸ್ ಅದಲುಬದಲಾಗಿದೆ. ಒಂದರ ಕೋನ್ (ಅದುರಿ ಸದ್ದು ಹೊರಡಿಸುವ ಪೊರೆ) ಮುಂದೆ ಬಂದಾಗ ಇನ್ನೊಂದರದು ಹಿಂದೆ ಸರಿದು ಬಾಸ್ ಅಳಿದುಹೋಗುತ್ತದೆ. ವೈರ್ ಎರಡನ್ನೂ ಆಂಪ್ಲಿಫೈಯರಿನಿಂದ ಬಿಡಿಸಿ, 1.5 ವೋಲ್ಟ್ ಸೆಲ್ಲಿನ ಪ್ಲಸ್ ಅನ್ನು ಕೆಂಪು ಪ್ಲಗ್ಗಿಗೂ ಮೈನಸ್ ಅನ್ನು ಕಪ್ಪಿಗೂ ಕ್ಷಣಕಾಲ ತಾಗಿಸಿ. ವೂಫರ್ (ಬಾಸ್ ನುಡಿಸುವ ದೊಡ್ಡ ಕೋನ್) ಮುಂದಕ್ಕೆ ನೆಗೆಯಬೇಕು; ಯಾವುದು ಹಿಂದಕ್ಕೆ ಸರಿಯುತ್ತದೋ ಅದರ ವೈರ್ ಬದಲಿಸಿ.